ನೀಲಿ ಬೆಳೆಯೋ ಮೊದಲು ಒಂದಿಷ್ಟು ಚರಿತ್ರೆ

ಈ ಸಲದ ಬರಹ ಸ್ವಲ್ಪ ಉದ್ದ ಇದೆ. ಅಡಿಕೆ ಸುಲಿಯೋ ಹೊತ್ತಲ್ಲಿ ಒಬ್ಬರು ಓದಿದ್ರೆ ಉಳಿದವರು ಕೇಳಬಹುದು.

ಬರೆಯೋಕೆ ಕಾರಣ ಇಷ್ಟೆ. ಎರಡು ತಿಂಗಳಿಂದ ನಾಲ್ಕೈದು ಜನ ಒಂದೇ ಪ್ರಶ್ನೆ ಕೇಳ್ತಿದಾರೆ. ನೈಸರ್ಗಿಕ ಬಣ್ಣದ ಬಟ್ಟೆಗೆ ಪೇಟೆಯಲ್ಲಿ ಬೇಡಿಕೆ ಇದೆಯಂತೆ, ಬ್ಯಾಣದ ಕಡೆ ಒಂದೆಕರೆ ನೀಲಿ ಗಿಡ ಹಾಕಿದ್ರೆ ಹೇಗೆ ಅಂತ. ಎಲೆಚುಕ್ಕೆ ಬಂದು ತೋಟ ಸೊರಗಿರೋವಾಗ ಇಂಥ ಯೋಚನೆ ಬರೋದು ಸಹಜ. ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಅದನ್ನೇ ನಂಬಿ ಹಾಕಬೇಡಿ. ಯಾಕೆ ಅನ್ನೋದಕ್ಕೆ ಬಣ್ಣದ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ಅದರಲ್ಲಿ ರೈತರದ್ದೇ ದೊಡ್ಡ ಪಾಲು, ಆದ್ರೆ ಹೇಳೋವಾಗ ರಾಜರ ಪೀತಾಂಬರದ ಕಥೆ ಮಾತ್ರ ಹೇಳ್ತಾರೆ.

ಬಣ್ಣ ಅನ್ನೋದು ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡೋ ಪುಡಿ ಆಗಿ ನೂರೈವತ್ತು ವರ್ಷ ಆಗಿರಬಹುದು, ಅಷ್ಟೆ. ಅದಕ್ಕೂ ಮುಂಚೆ ಅದು ಬೇರು, ತೊಗಟೆ, ಎಲೆ, ಕಾಯಿ. ಮೊಹೆಂಜೊದಾರೊ ಅಗೆದಾಗ ಒಂದು ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದ ಹತ್ತಿ ಬಟ್ಟೆಯ ಚೂರು ಸಿಕ್ಕಿತು. ಪರೀಕ್ಷೆ ಮಾಡಿದವರು ಅದಕ್ಕೆ ಹಿಡಿಸಿದ್ದು ಮಂಜಿಷ್ಠದ ಜಾತಿಯ ಬೇರಿನ ಕೆಂಪು ಅಂದ್ರು. ಅಂದ್ರೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಹತ್ತಿಗೆ ಬಣ್ಣ ನಿಲ್ಲಿಸೋ ವಿದ್ಯೆ ಇಲ್ಲಿ ಇತ್ತು.

ಇದನ್ನ ಸಣ್ಣ ವಿಷಯ ಅಂದುಕೋಬೇಡಿ. ಉಣ್ಣೆ, ರೇಷ್ಮೆ ಬಣ್ಣವನ್ನ ಸುಲಭವಾಗಿ ಕುಡಿಯುತ್ತವೆ. ಹತ್ತಿ ಹಟಮಾರಿ. ಬೇರಿನ ರಸದಲ್ಲಿ ಹತ್ತಿ ಪಂಚೆ ಅದ್ದಿದ್ರೆ ಮೊದಲ ಒಗೆತಕ್ಕೇ ಅರ್ಧ ಬಣ್ಣ ಹೊಳೆಗೆ ಹೋಗುತ್ತೆ. ಹತ್ತಿಗೆ ಮೊದಲು ಒಗರು ಕುಡಿಸಬೇಕು, ಆಮೇಲೆ ಪಟಿಕದ ನೀರು, ಆಮೇಲೆ ಬಣ್ಣ. ಒಗರು ನೂಲಿಗೆ ಅಂಟಿಕೊಳ್ಳುತ್ತೆ, ಪಟಿಕ ಒಗರಿಗೆ ಅಂಟಿಕೊಳ್ಳುತ್ತೆ, ಬಣ್ಣ ಪಟಿಕವನ್ನ ಹಿಡಿದುಕೊಳ್ಳುತ್ತೆ. ಕಸಿ ಕಟ್ಟಿದ ಹಾಗೆ ಅಂದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ಆ ಒಗರಿಗೆ ನಮ್ಮ ದೇಶದ ಬಣ್ಣಗಾರರು ಹೆಚ್ಚಾಗಿ ಬಳಸ್ತಿದ್ದದ್ದು ಅಳಲೆಕಾಯಿ. ಈ ‘ಒಗರು’ ಅನ್ನೋ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕನ್ನಡ ನಾಡಿನಲ್ಲೂ ಇದು ದೊಡ್ಡ ಕಸುಬಾಗಿತ್ತು. ಕೆಂಪಿಗೆ ಮಡ್ಡಿ ಗಿಡದ ಬೇರಿನ ತೊಗಟೆ. ಮಡ್ಡಿ ಅಂದ್ರೆ ಬೇರೇನಲ್ಲ, ಈಗ ನೋನಿ ಅಂತ ಬಾಟ್ಲಿಗೆ ತುಂಬಿ ಮಾರ್ತಾರಲ್ಲ, ಅದೇ. ಹಳದಿಗೆ ದಾಳಿಂಬೆ ಸಿಪ್ಪೆ, ಹಲಸಿನ ಮರದ ತಿರುಳು. ಅರಿಶಿನ ಕೂಡ ಬಣ್ಣ ಕೊಡುತ್ತೆ, ಆದ್ರೆ ಬಿಸಿಲಿಗೆ ನಿಲ್ಲಲ್ಲ, ಅದನ್ನ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ನೀಲಿಗೆ ನೀಲಿ ಗಿಡದ ಎಲೆ. ಕಪ್ಪಿಗೆ ತುಕ್ಕು ಹಿಡಿದ ಕಬ್ಬಿಣವನ್ನ ಬೆಲ್ಲದ ನೀರಲ್ಲಿ ಎರಡು ಮೂರು ವಾರ ಕೊಳೆಯೋಕೆ ಬಿಟ್ಟು ಬಂದ ರಸ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮೈಸೂರು, ಕೆನರಾ, ಮಲಬಾರ್ ಸುತ್ತಿಕೊಂಡು ಬಾ ಅಂತ ಕಳಿಸಿತು. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಹೊಲ, ತೋಟ, ಕಂದಾಯದ ಜೊತೆಗೆ ನೇಕಾರರು, ಬಣ್ಣ ಹಾಕೋರ ವಿವರವೂ ಇದೆ. ಒಕ್ಕಲುತನ ಮತ್ತು ಬಟ್ಟೆ ಬೇರೆ ಬೇರೆ ಅಂತ ಅವನಿಗೂ ಅನ್ನಿಸಿರಲಿಲ್ಲ.

ಬೇರೆ ಮಾಡಿದ್ದು ಕಲ್ಲಿದ್ದಲು. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡೋಕೆ ಹೊರಟಿದ್ದ. ಕಲ್ಲಿದ್ದಲ ಟಾರಿನಿಂದ ಬಂದ ವಸ್ತುವಿನ ಜೊತೆ ಆಟ ಆಡ್ತಾ ಆಡ್ತಾ ನೇರಳೆ ಬಣ್ಣ ಸಿಕ್ಕಿಬಿಡ್ತು. ಕ್ವಿನೈನ್ ಸಿಗಲಿಲ್ಲ, ದುಡ್ಡು ಸಿಕ್ಕಿತು. ಅಲ್ಲಿಂದ ಹದಿಮೂರೇ ವರ್ಷ. 1869ರಲ್ಲಿ ಮಂಜಿಷ್ಠದ ಕೆಂಪನ್ನೇ ಕಾರ್ಖಾನೆಯಲ್ಲಿ ಮಾಡೋ ವಿಧಾನಕ್ಕೆ ಜರ್ಮನ್ನರು ಲಂಡನ್ನಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ರು. ಇದೇ ಪರ್ಕಿನ್ ಒಂದು ದಿನ ತಡವಾಗಿ ಹೋಗಿದ್ದ. ದಕ್ಷಿಣ ಫ್ರಾನ್ಸಿನಲ್ಲಿ ಸಾವಿರಾರು ರೈತರು ಆ ಬೇರನ್ನೇ ನಂಬಿ ಬದುಕ್ತಿದ್ರು. ಕೆಲವೇ ವರ್ಷಗಳಲ್ಲಿ ಆ ಹೊಲಗಳು ಖಾಲಿ ಆದವು. ಫ್ರೆಂಚ್ ಸಿಪಾಯಿಗಳ ಕೆಂಪು ಚಡ್ಡಿಗೆ ಬಣ್ಣ ಕೊಡ್ತಿದ್ದ ಹೊಲ ಅವು. ಆಮೇಲೂ ಚಡ್ಡಿ ಕೆಂಪಾಗೇ ಇತ್ತು, ಬಣ್ಣ ಮಾತ್ರ ಜರ್ಮನಿಯದ್ದು.

ನೀಲಿಯ ಕಥೆ ಇನ್ನೂ ಕಹಿ. ಬಂಗಾಳದಲ್ಲಿ ಬಿಳಿ ತೋಟದೊಡೆಯರು ರೈತನಿಗೆ ಮುಂಗಡ ಕೊಡ್ತಿದ್ರು. ಒಮ್ಮೆ ತಗೊಂಡ್ರೆ ಮುಗೀತು, ಒಳ್ಳೆ ಗದ್ದೆಯಲ್ಲೇ ನೀಲಿ ಬಿತ್ತಬೇಕು, ಅವರು ಹೇಳಿದ ಬೆಲೆಗೆ ಎಲೆ ಕೊಡಬೇಕು. ಸಾಲ ಅಪ್ಪನಿಂದ ಮಗನಿಗೆ ಬರ್ತಿತ್ತು. ಭತ್ತ ಬೆಳೆಯೋ ನೆಲದಲ್ಲಿ ನೀಲಿ ಬೆಳೆದು ಅನ್ನಕ್ಕೆ ಕೈಚಾಚಬೇಕಿತ್ತು. 1859ರಲ್ಲಿ ಅಲ್ಲಿನ ರೈತರು ಬಿತ್ತೋದೇ ಇಲ್ಲ ಅಂತ ಎದ್ದು ನಿಂತ್ರು. ಸರ್ಕಾರ ಆಯೋಗ ಮಾಡಬೇಕಾಯ್ತು. ನೀಲಿ ಅಲ್ಲಿಂದ ಹಿಂದೆ ಸರಿದು ಬಿಹಾರದಲ್ಲಿ ಬಲವಾಗಿ ಬೇರು ಬಿಡ್ತು.

ಚಂಪಾರಣ್‌ನಲ್ಲಿ ಅದಕ್ಕೆ ತೀನ್‌ಕಠಿಯಾ ಅಂತ ಹೆಸರು. ಒಂದು ಬೀಘಾ ಅಂದ್ರೆ ಇಪ್ಪತ್ತು ಕಠಾ, ಅದರಲ್ಲಿ ಮೂರು ಕಠಾ ನೀಲಿಗೆ ಮೀಸಲು. ಈಗ ಗಮನ ಇಟ್ಟು ಓದಿ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನ ಮಾರುಕಟ್ಟೆಗೆ ಬಿಟ್ಟಿತು. ಗಿಡದ ನೀಲಿಯ ಬೆಲೆ ಬಿತ್ತು. ಹಾಗಾದ್ರೆ ಚಂಪಾರಣ್ ರೈತನಿಗೆ ಬಿಡುಗಡೆ ಆಗಬೇಕಿತ್ತು ಅಲ್ವಾ? ತೋಟದೊಡೆಯರು, ನೀಲಿ ಬೆಳೆಯೋ ಕಟ್ಟುಪಾಡಿನಿಂದ ನಿಮ್ಮನ್ನ ಬಿಡ್ತೀವಿ, ಅದಕ್ಕೆ ಬದಲಾಗಿ ಗೇಣಿ ಜಾಸ್ತಿ ಕೊಡಿ ಅಂದ್ರು. ಕೆಲವರ ಹತ್ರ ಇಡುಗಂಟಾಗಿಯೇ ವಸೂಲು ಮಾಡಿದ್ರು. ಬೆಲೆ ಇದ್ದಾಗ ಲಾಭ ಒಡೆಯನಿಗೆ, ಬೆಲೆ ಬಿದ್ದಾಗ ನಷ್ಟ ಬೆಳೆದವನಿಗೆ. ರಾಜಕುಮಾರ್ ಶುಕ್ಲ ಅನ್ನೋ ರೈತ 1916ರ ಡಿಸೆಂಬರ್‌ನಲ್ಲಿ ಲಖನೌ ಕಾಂಗ್ರೆಸ್ಸಿಗೆ ಹೋಗಿ ಗಾಂಧೀಜಿ ಬೆನ್ನು ಬಿದ್ದದ್ದು ಇದಕ್ಕೇ. ಮುಂದಿನ ವರ್ಷ ಅವರು ಬಂದ್ರು, ವಿಚಾರಣೆ ಆಯ್ತು, 1918ರಲ್ಲಿ ಕಾನೂನು ಮಾಡಿ ತೀನ್‌ಕಠಿಯಾ ತೆಗೆದುಹಾಕಿದ್ರು. ನಮಗೆ ಶಾಲೆಯಲ್ಲಿ ಇದನ್ನ ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಹೇಳಿಕೊಟ್ಟರು. ಬೆಳೆ ಒಪ್ಪಂದದ ಪಾಠದಲ್ಲೂ ಸೇರಿಸಬೇಕಿತ್ತು.

ಮಧ್ಯೆ ಒಂದು ತಮಾಷೆ ನಡೀತು. 1914ರಲ್ಲಿ ಯುದ್ಧ ಶುರುವಾಗಿ ಜರ್ಮನಿಯ ಬಣ್ಣ ಬರೋದು ನಿಂತಾಗ ಗಿಡದ ನೀಲಿಗೆ ಮತ್ತೆ ಬೆಲೆ ಬಂತು. ಜನ ಮತ್ತೆ ಬಿತ್ತಿದ್ರು. ಯುದ್ಧ ಮುಗೀತು, ಬೆಲೆಯೂ ಮುಗೀತು. ವೆನಿಲಾ ಕಾಲ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ್ದು ನೀಲಿ ಗಿಡದ ಮೇಲಿನ ಸಿಟ್ಟಿನಿಂದಲ್ಲ. ಅದು ಒಳ್ಳೆ ಗಿಡ, ದ್ವಿದಳ ಜಾತಿ, ನೆಲಕ್ಕೂ ಒಳ್ಳೇದು. ತಮಿಳುನಾಡಿನಲ್ಲಿ, ಆಂಧ್ರದ ಕಡಪ ಕಡೆ ಈಗಲೂ ಬೆಳೀತಾರೆ, ಅವರಿಗೆ ಬಿಸಿಲೂ ಇದೆ, ತೊಟ್ಟಿಗಳೂ ಇವೆ. ಬಣ್ಣ ತೆಗೀಬೇಕಂದ್ರೆ ಹಸಿ ಎಲೆ ಕಡಿದ ದಿನವೇ ತೊಟ್ಟಿಗೆ ಬೀಳಬೇಕು. ಪಕ್ಕದಲ್ಲಿ ತೊಟ್ಟಿ ಇಲ್ಲದವನು ಎಲೆ ಹಿಡಿದುಕೊಂಡು ಚೌಕಾಸಿ ಮಾಡೋಕಾಗಲ್ಲ. ಇನ್ನು ನಮ್ಮ ಮಳೆ ನಿಮಗೇ ಗೊತ್ತು.

ಈಗ ನಮ್ಮ ಅಂಗಳಕ್ಕೆ ಬರೋಣ. ಸುಲಿಯೋಕೆ ಕೂರೋವಾಗ ಯಾರಾದ್ರೂ ಹೊಸ ಸೀರೆ ಉಟ್ಟು ಕೂರ್ತಾರಾ? ಇಲ್ಲ. ಅದಕ್ಕೇ ಅಂತ ಒಂದು ಹಳೇ ಸೀರೆ, ಹಳೇ ಅಂಗಿ ಇರುತ್ತೆ. ಅಡಿಕೆ ಕಲೆ ತಾಗಿದ್ರೆ ಮುಗೀತು, ಸೋಪು, ನಿಂಬೆಹುಳಿ, ಬಿಸಿಲು ಯಾವುದಕ್ಕೂ ಹೋಗಲ್ಲ. ಮೆಟ್ಟುಗತ್ತಿ ಹಿಡಿದ ಬೆರಳು ವಾರಗಟ್ಟಲೆ ಕಪ್ಪಾಗೇ ಇರುತ್ತೆ. ಅಡಿಕೆಯ ಒಗರು ಕತ್ತಿಯ ಕಬ್ಬಿಣವನ್ನ ಸೇರಿ ಆದ ಕಪ್ಪು ಅದು. ಬಣ್ಣಗಾರರು ತುಕ್ಕು, ಬೆಲ್ಲ ಕೊಳೆಸಿ ಮಾಡ್ತಿದ್ದ ಕೆಲಸವನ್ನ ನಾವು ಬೇಡ ಬೇಡ ಅಂದ್ರೂ ದಿನಾ ಮಾಡ್ತಿದೀವಿ.

ಮೊದಲು ಹೇಳಿದ ಒಗರು ಅಂದ್ರೆ ಇದೇ. ಬೇರೆ ಬಣ್ಣಕ್ಕೆ ಮೊದಲು ಅಳಲೆಕಾಯಿ ಕುಡಿಸಬೇಕು. ಚೊಗರಿಗೆ ಅದೂ ಬೇಡ, ಅದರಲ್ಲಿ ಬಣ್ಣವೂ ಇದೆ, ಹಿಡಿದುಕೊಳ್ಳೋ ಅಂಟೂ ಇದೆ. ನೀಲಿಯನ್ನೋ ಮಂಜಿಷ್ಠವನ್ನೋ ಬೆಳೆದವರಿಗೆ ಬಣ್ಣವೇ ಬೆಳೆ, ಬೆಲೆ ಬಿದ್ದಾಗ ಬೆಳೆಯೇ ಹೋಯ್ತು. ಚೊಗರಿಗೋಸ್ಕರ ಯಾರೂ ಅಡಿಕೆ ಬೆಳೀಲಿಲ್ಲ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿದ ನೀರು ಅದು. ಮೊದಲ ಹಂಡೆಯಲ್ಲಿ ತೆಳ್ಳಗೆ, ಅದರಲ್ಲೇ ಮತ್ತೆ ಮತ್ತೆ ಬೇಯಿಸ್ತಾ ಗಟ್ಟಿಯಾಗಿ ಕೆಂಪಾಗುತ್ತೆ. ಅಡಿಕೆಗೆ ಬಣ್ಣ, ಹೊಳಪು ಬರಲಿ ಅಂತ ಅದನ್ನೇ ಮತ್ತೆ ಬಳಸ್ತೀವಿ, ಉಳಿದದ್ದನ್ನ ಮುಂದಿನ ವರ್ಷಕ್ಕೆ ಇಡ್ತೀವಿ, ಇಲ್ಲಾ ಮಾರ್ತೀವಿ. ಕಾರ್ಖಾನೆ ಬಣ್ಣ ಬಂದು ಪ್ರಪಂಚದ ಬಣ್ಣದ ಹೊಲಗಳೆಲ್ಲ ಖಾಲಿ ಆದಾಗಲೂ ನಮ್ಮ ಹಂಡೆ ಕುದಿಯೋದು ನಿಲ್ಲಲಿಲ್ಲ. ಅದು ಯಾವ ಬಣ್ಣದ ಪೇಟೆಯನ್ನೂ ನಂಬಿಕೊಂಡಿರಲಿಲ್ಲ. ಕರಾವಳಿಯವರಿಗೆ ಈ ಭಾಗ್ಯ ಇಲ್ಲ, ಅವರದ್ದು ಚಾಲಿ, ಹಣ್ಣಡಿಕೆಯನ್ನ ಬಿಸಿಲಲ್ಲಿ ಒಣಗಿಸಿದ್ರೆ ಆಯ್ತು.

ಆ ಚೊಗರನ್ನ ಮತ್ತೆ ನೂಲಿಗೆ ಸೇರಿಸಿದ್ದು ನಮ್ಮ ಸಾಗರ ತಾಲ್ಲೂಕಿನಲ್ಲೇ. ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಇದೆ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ರಂಗಕರ್ಮಿ ಪ್ರಸನ್ನ ಅವರ ಜೊತೆ ಹಳ್ಳಿ ಹೆಣ್ಣುಮಕ್ಕಳು ಕಟ್ಟಿದ ಸಹಕಾರಿ ಸಂಘ. ಅದುವರೆಗೆ ನಮ್ಮ ಕಡೆ ನೇಯ್ಗೆಯ ಕಸುಬೇ ಇರಲಿಲ್ಲ ಅಂದ್ರೂ ನಡೆಯುತ್ತೆ. ಮಗ್ಗದ ಮನೆತನಗಳೆಲ್ಲ ಬಯಲುಸೀಮೆಯವು, ಇಳಕಲ್, ಗುಳೇದಗುಡ್ಡದ ಕಡೆಯವು. ಇಲ್ಲಿ ತೋಟದ ಕೂಲಿಗೆ ಹೋಗ್ತಿದ್ದ ಹೆಂಗಸರು ಮಗ್ಗ ಕಲಿತರು, ಬಣ್ಣದ ಹಂಡೆ ಕಲಿತರು, ಹೊಲಿಗೆ ಕಲಿತರು. ಬಣ್ಣಕ್ಕೆ ಅವರು ನೋಡಿದ್ದು ಸುತ್ತಮುತ್ತ ಇದ್ದದ್ದನ್ನೇ: ಅಡಿಕೆ ಚೊಗರು, ದಾಳಿಂಬೆ ಸಿಪ್ಪೆ, ತುಕ್ಕು ಮತ್ತು ಬೆಲ್ಲ. ನೀಲಿಯನ್ನ ಮಾತ್ರ ಹೊರಗಿಂದ ತರಿಸಬೇಕು. ದೇಸಿ ಅಂಗಡಿಗಳಲ್ಲಿ ಬೆಂಗಳೂರಿನವರು ಹುಡುಕಿಕೊಂಡು ಹೋಗಿ ತಗೊಳ್ಳೋ ಕಂದು ಬಣ್ಣದ ಜುಬ್ಬಾ ಇದೆಯಲ್ಲ, ನಮ್ಮ ಸುಲಿಯೋ ಸೀರೆಯ ಕಲೆಯೇ ಅದು, ಒಂದೇ ಸಮ ಹಿಡಿಸಿದ್ದು ಅಷ್ಟೆ.

ಕೆಲಸ ಸಲೀಸಾಗಿ ನಡೀತು ಅಂತ ಹೇಳ್ತಿಲ್ಲ. ಕೈಮಗ್ಗದ ಬಟ್ಟೆ ನಿಧಾನ, ಬೆಲೆ ಜಾಸ್ತಿ, ಬಂಡವಾಳ ಸಿಕ್ಕಿಹಾಕಿಕೊಳ್ಳುತ್ತೆ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ ಪ್ರಸನ್ನ ಉಪವಾಸ ಕೂತಿದ್ದು ಪತ್ರಿಕೆಯಲ್ಲಿ ನೀವೂ ಓದಿರ್ತೀರಿ. ಕರಾವಳಿಯಲ್ಲೂ ಉಡುಪಿ ಸೀರೆಯ ಮಗ್ಗಗಳು ಇನ್ನೇನು ನಿಂತೇಹೋದವು ಅನ್ನೋ ಹೊತ್ತಿಗೆ ಮತ್ತೆ ಚೇತರಿಸಿಕೊಂಡಿವೆ, ಅಲ್ಲೂ ಅಡಿಕೆ ಬಣ್ಣದ ಸೀರೆ ನೇಯ್ತಾರೆ.

ನಮ್ಮ ಮನೆಯಲ್ಲೂ ಹಳೆ ಪಂಚೆಯ ಮೂರು ತುಂಡು ಅದ್ದಿ ನೋಡಿದ್ವಿ. ಬರೀ ಚೊಗರು ಕೊಟ್ಟದ್ದು ಇಟ್ಟಿಗೆಗೆ ಹತ್ತಿರದ ಕಂದು. ಪಟಿಕ ಸೇರಿಸಿದ್ದು ಸ್ವಲ್ಪ ತಿಳಿ. ಕಬ್ಬಿಣದ ನೀರಿಗೆ ಹಾಕಿದ್ದು ಮಳೆಗಾಲದ ಮೋಡದ ಬೂದುಗಪ್ಪು. ಮೂರನ್ನೂ ಒಲೆಯ ಬೂದಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿದ್ವಿ, ಈಗ ಕೈ ಒರೆಸೋಕೆ ಬಳಸ್ತಿದೀವಿ, ಬಣ್ಣ ನಿಂತಿದೆ. ಒಂದು ಎಚ್ಚರ ಹೇಳಬೇಕು. ಬಣ್ಣ ಗಟ್ಟಿಯಾಗಲಿ ಅಂತ ಕೆಲವರು ಮೈಲುತುತ್ತ ಹಾಕ್ತಾರೆ. ಕೋಲ್ಮನ್ ಸಾಹೇಬರು ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದು ಕಲಿಸಿದ ಕಾಲದಿಂದ ನಾವು ಮೈಲುತುತ್ತದ ಜೊತೆಗೇ ಬದುಕಿದವರು, ತೋಟದ ಮಣ್ಣಿಗೆ ಬಿದ್ದ ತಾಮ್ರ ಎಲ್ಲಿಗೂ ಹೋಗಲ್ಲ ಅಂತ ನಮಗೆ ಗೊತ್ತಿದೆ. ಹಾಗೆ ಮಾಡಿದ ಬಟ್ಟೆಗೆ ‘ನೈಸರ್ಗಿಕ’ ಅಂತ ಚೀಟಿ ಅಂಟಿಸಿದ್ರೆ ನಾನಂತೂ ಒಪ್ಪಲ್ಲ. ಪಟಿಕ, ಕಬ್ಬಿಣ ಎರಡೇ ಸಾಕು.

ಇನ್ನು ಆ ಹಳೇ ಸುಲಿಯೋ ಸೀರೆಯ ಕಥೆ. ಅದು ಎಲ್ಲಿಗೆ ಹೋಗ್ತಿತ್ತು? ಕೌದಿಗೆ. ಉತ್ತರ ಕರ್ನಾಟಕದಲ್ಲಿ ಕೌದಿ ಇಲ್ಲದ ಮನೆ ಇರಲಿಲ್ಲ, ನಮ್ಮಲ್ಲೂ ಇತ್ತು. ಕೌದಿಗೋಸ್ಕರ ಯಾರೂ ಬಟ್ಟೆ ಕೊಳ್ಳಲಿಲ್ಲ. ಉಟ್ಟು, ಹರಿದು, ಒರೆಸಿ, ಆಮೇಲೂ ಉಳಿದದ್ದು ಕೌದಿ ಆಗ್ತಿತ್ತು. ಇದರಲ್ಲಿ ಎಲ್ಲರಿಗಿಂತ ಮುಂದೆ ಇರೋರು ನಮ್ಮ ಪಕ್ಕದ ಜಿಲ್ಲೆಯ ಸಿದ್ದಿಯರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರು ಹೊಲಿಯೋ ಕೌದಿಗೆ ಕವಂದಿ ಅಂತಾರೆ. ಇವರ ಹಿರೀಕರನ್ನ ಆಫ್ರಿಕಾದಿಂದ ಗುಲಾಮರಾಗಿ ತಂದಿದ್ರು, ಹೆಚ್ಚಿನವರನ್ನ ಗೋವಾದ ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮೊಮ್ಮಕ್ಕಳು ಇವರು.

ಕವಂದಿ ಹೊಲಿಯೋ ಕ್ರಮ ನೋಡೋಕೆ ಚೆಂದ. ತಳಕ್ಕೆ ಒಂದು ಹಳೆ ಸೀರೆ ಹಾಸಿ, ಅಂಚಿನಿಂದ ಶುರು ಮಾಡಿ, ತುಂಡುಗಳನ್ನ ಒಂದರ ಮೇಲೊಂದು ಇಟ್ಟು ಸುತ್ತು ಸುತ್ತಾಗಿ ಒಳಗೆ ಹೊಲೀತಾ ನಡುವಿಗೆ ಬರ್ತಾರೆ. ಮೊದಲೇ ಬರೆದಿಟ್ಟ ನಕ್ಷೆ ಇಲ್ಲ, ಕೈಗೆ ಬಂದ ತುಂಡು ಯಾವ ಬಣ್ಣದ್ದೋ ಅದೇ. ಮೂಲೆಯಲ್ಲಿ ಬಟ್ಟೆ ಮಡಚಿ ಪುಟ್ಟ ಹೂವು ಕೂರಿಸ್ತಾರೆ, ಅದಕ್ಕೆ ಫೂಲ ಅಂತ ಹೆಸರು. ಹೆನ್ರಿ ಡ್ರೂವಲ್ ಅನ್ನೋ ಅಮೆರಿಕದ ಕಲಾ ಇತಿಹಾಸಕಾರರು ಇದನ್ನ ನೋಡಿ ಬರೆದ್ರು, ಹೆಂಗಸರ ಗುಂಪು ಕಟ್ಟೋಕೆ ನೆರವಾದ್ರು, ಕವಂದಿಗಳು ಅಮೆರಿಕದ ಗೋಡೆಗಳ ಮೇಲೆ ಪ್ರದರ್ಶನಕ್ಕೆ ತೂಗಿದವು. ಒಳ್ಳೇದೇ. ಆದ್ರೆ ಗೋಡೆಗೆ ತೂಗು ಹಾಕಿದ್ದನ್ನ ನೋಡಿದಾಗ ನನಗೆ ಇದರಡಿ ಎಷ್ಟು ಮಕ್ಕಳು ಮಲಗಬಹುದಿತ್ತು ಅನ್ನೋ ಲೆಕ್ಕವೇ ಮೊದಲು ಬರುತ್ತೆ. ಈಗ ಚೊಗರಿನ ಬಟ್ಟೆ ಹೊಲಿದು ಉಳಿದ ಕತ್ತರಿ ತುಂಡುಗಳೂ ಕೌದಿ, ಚೀಲ ಆಗ್ತಿವೆ.

ಹಾಗಂತ ಚೊಗರಿನಿಂದ ತೋಟ ಉದ್ಧಾರ ಆಗುತ್ತೆ ಅಂತ ನಾನು ಹೇಳಲ್ಲ. ಬಟ್ಟೆಗೆ ಬೇಕಾಗೋದು ನಾವು ಬೇಯಿಸೋ ರಾಶಿಯ ಮುಂದೆ ಏನೂ ಅಲ್ಲ. ಇನ್ನೊಂದು ಕಡೆ, 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನ ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದನ್ನ ನಾವು ಒಪ್ಪಿದ್ರೂ ಬಿಟ್ರೂ ಆ ಕತ್ತಿ ತಲೆ ಮೇಲೆ ತೂಗ್ತಾನೇ ಇದೆ. ಬಾಯಿಗೆ ಹೋಗದ ಅಡಿಕೆಯ ಉಪಯೋಗ ಯಾವುದಿದ್ರೂ ನಮಗೆ ಬೇಕು, ಸಣ್ಣದಾದ್ರೂ ಸರಿ.

ಆದ್ರೆ ನಾವೇ ಎರಡು ಕಡೆಯಿಂದ ಅದನ್ನ ಕಳ್ಕೊಳ್ತಿದೀವಿ. ಮೊದಲನೇದು ಚೇಣಿ. ಕೊನೆಗಾರರು ಸಿಗಲ್ಲ, ಸುಲಿಯೋರು ಸಿಗಲ್ಲ, ಹಾಗಾಗಿ ಹಸಿ ಅಡಿಕೆಯನ್ನೇ ಮರದಲ್ಲಿ ಇದ್ದಂಗೆ ಚೇಣಿದಾರನಿಗೆ ಕೊಡ್ತೀವಿ. ನನ್ನ ಸುತ್ತಲಿನ ಮನೆಗಳಲ್ಲಿ ವರ್ಷ ವರ್ಷ ಹಂಡೆ ಕಡಿಮೆ ಆಗ್ತಿವೆ. ಹಂಡೆ ಹೋದ್ರೆ ಚೊಗರು ಹೋಯ್ತು, ಬೇಯಿಸೋ ಹದ ಗೊತ್ತಿರೋ ಕೈಯೂ ಹೋಯ್ತು. ಚೇಣಿ ಕೊಡೋ ಮಾತುಕತೆಯಲ್ಲಿ ಸಿಪ್ಪೆಯ ಬಗ್ಗೆ ಕೇಳ್ತೀವಿ, ಚೊಗರಿನ ಬಗ್ಗೆ ಯಾರೂ ಕೇಳಲ್ಲ. ಎರಡನೇದು ಬೆರಕೆ. ಅಡಿಕೆಗೆ ಕೆಂಪು ಸಾಲದು ಅಂತ ಹಂಡೆಗೆ ಬಣ್ಣದ ಪುಡಿ ಹಾಕೋ ಚಟ ಅಲ್ಲಲ್ಲಿ ಇದೆ. ಅಂಥ ಚೊಗರು ನೂಲಿಗೆ ಬರಲ್ಲ. ಜರ್ಮನಿಯವರು ಡಬ್ಬಿಯಲ್ಲಿ ತುಂಬಿಕೊಟ್ಟ ಬಣ್ಣವನ್ನ ಕೊನೆಗೂ ಉಳಿದಿದ್ದ ಈ ಹಂಡೆಗೂ ನಾವೇ ಸುರೀತಿದೀವಿ.

ಈ ಕೊಯ್ಲಿನಲ್ಲಿ ಮನೆಯಲ್ಲೇ ಬೇಯಿಸೋರು ಒಂದು ಕೆಲಸ ಮಾಡಿ ನೋಡಿ. ಕೊನೆಯ ಹಂಡೆಯ ಚೊಗರಲ್ಲಿ ಎರಡು ಕೊಡ ಬೇರೆ ತೆಗೆದಿಡಿ. ಪುಡಿ, ಸುಣ್ಣ ಏನೂ ಬೆರೆಸಬೇಡಿ. ಬಟ್ಟೆಯಲ್ಲಿ ಸೋಸಿ, ಗಟ್ಟಿಯಾಗೋವರೆಗೆ ಕುದಿಸಿ. ಕಬ್ಬಿಣದ ಡಬ್ಬಿ ಬೇಡ, ಕಪ್ಪಾಗಿಬಿಡುತ್ತೆ, ಮಣ್ಣಿನ ಮಡಕೆ ಇಲ್ಲಾ ಪ್ಲಾಸ್ಟಿಕ್ ಕ್ಯಾನ್ ಇರಲಿ. ಯಾವ ತೋಟದ್ದು, ಎಷ್ಟನೇ ಹಂಡೆಯದ್ದು ಅಂತ ಚೀಟಿ ಅಂಟಿಸಿ. ಚೇಣಿ ಕೊಟ್ಟೋರು ಮುಂದಿನ ಮಾತುಕತೆಯಲ್ಲಿ ಚೊಗರಿನ ಪಾಲನ್ನೂ ಕೇಳಿ ನೋಡಿ. ಹತ್ತು ಮನೆಯದ್ದು ಸೇರಿದ್ರೆ ಬಣ್ಣ ಹಾಕೋರ ಹತ್ರ ಒಟ್ಟಿಗೆ ತಗೊಂಡು ಹೋಗಿ ಯಾವುದು ಹೇಗೆ ಹಿಡಿಯುತ್ತೆ ಅಂತ ಕೇಳಿಕೊಂಡು ಬರೋಣ. ತೆಗೆದಿಟ್ಟೋರು ಇಲ್ಲಿ ಹೆಸರು ಹಾಕಿ, ಶಿವರಾತ್ರಿ ಹೊತ್ತಿಗೆ ಬೇಯಿಸೋ ಕೆಲಸ ಮುಗಿದಿರುತ್ತೆ, ಆಗ ಒಂದು ದಿನ ಗೊತ್ತು ಮಾಡೋಣ. ಗಾಡಿ ನನ್ನದೇ ಇದೆ.